ಐಡಿಯಲ್ ಗ್ಯಾಸ್ ಉಳೀತು, ನಿಜವಾದ ಗ್ಯಾಸ್ ಹೋಯ್ತು

2024ರ ಏಪ್ರಿಲ್ ಸಿಇಟಿಯನ್ನ ನಮ್ಮ ಬ್ಯಾಚ್‌ನವರು ಮರೆಯೋ ಹಾಗಿಲ್ಲ. ಸಿಲಬಸ್‌ನಿಂದ ತೆಗೆದ ಪಾಠಗಳಿಂದ ಪ್ರಶ್ನೆಗಳು ಬಂದಿವೆ ಅಂತ ರಾಜ್ಯದಲ್ಲೆಲ್ಲಾ ಗಲಾಟೆ ಆಯ್ತು. ಕೊನೆಗೆ ಪರೀಕ್ಷಾ ಪ್ರಾಧಿಕಾರ 50 ಪ್ರಶ್ನೆಗಳನ್ನ ಮೌಲ್ಯಮಾಪನದಿಂದ ಕೈಬಿಟ್ಟಿತು. ಆ ದಿನಗಳಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ನಡೆದ ಚರ್ಚೆ ಒಂದೇ: ಯಾವ ಪ್ರಶ್ನೆ ಹೋಯ್ತು, ಎಷ್ಟು ಮಾರ್ಕ್ಸ್ ಹೋಯ್ತು, ರ‍್ಯಾಂಕ್ ಎಷ್ಟಾಗುತ್ತೆ. ಹೋದ ಪಾಠಗಳು ಯಾವುವು, ಅವುಗಳಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ. ಕೇಳೋ ಪುರುಸೊತ್ತೂ ಯಾರಿಗೂ ಇರಲಿಲ್ಲ ಬಿಡಿ.

ಈಗ ಕೇಳಬಹುದು. ಹೋದ ಪಾಠಗಳಲ್ಲಿ ಒಂದು ಹನ್ನೊಂದನೇ ತರಗತಿ ಕೆಮಿಸ್ಟ್ರಿಯ 'ಸ್ಟೇಟ್ಸ್ ಆಫ್ ಮ್ಯಾಟರ್', ಅಂದ್ರೆ ಅನಿಲಗಳು ಮತ್ತು ದ್ರವಗಳ ಪಾಠ. ಎನ್‌ಸಿಇಆರ್‌ಟಿ ಹೊರೆ ಇಳಿಸೋ ಹೆಸರಲ್ಲಿ ಪುಸ್ತಕವನ್ನ ಪರಿಷ್ಕರಿಸಿ 2023ರಲ್ಲಿ ಹೊಸದಾಗಿ ಮುದ್ರಿಸಿದಾಗ ಈ ಪಾಠ ಪೂರ್ತಿ ಕಾಣೆಯಾಯ್ತು. ನಮ್ಮ ಪಿಯುಸಿ ಸೈನ್ಸ್‌ಗೂ ಅದೇ ಪುಸ್ತಕ. ಈ ವರ್ಷ ಕ್ಯಾಂಪಸ್ಸಿಗೆ ಬಂದಿರೋ ಜೂನಿಯರ್ಸ್‌ನ ಕೇಳಿ ನೋಡಿ. ವಾನ್ ಡರ್ ವಾಲ್ಸ್ ಸಮೀಕರಣ ಅಂದ್ರೆ ಹೆಸರು ಕೇಳಿದೀವಿ ಅಂತಾರೆ, ಅಷ್ಟೇ.

'ಹೋದ್ರೆ ಹೋಯ್ತು, ಪಿವಿ ಈಕ್ವಲ್ಸ್ ಎನ್‌ಆರ್‌ಟಿ ಫಿಸಿಕ್ಸಲ್ಲಿ ಇದ್ದೇ ಇದೆಯಲ್ಲ' ಅನ್ನೋರು ಇದಾರೆ. ನಿಜ, ಇದೆ. ನನ್ನ ತಕರಾರು ಇರೋದೇ ಅಲ್ಲಿ. ಫಿಸಿಕ್ಸಿನ ಕೈನೆಟಿಕ್ ಥಿಯರಿ ಪಾಠದಲ್ಲಿ ಐಡಿಯಲ್ ಗ್ಯಾಸ್ ಕ್ಷೇಮವಾಗಿದೆ. ಫ್ಲೂಯಿಡ್ಸ್ ಪಾಠದಲ್ಲಿ ಸರ್ಫೇಸ್ ಟೆನ್ಷನ್, ವಿಸ್ಕಾಸಿಟಿ ಇವೆ. ಸೆಕೆಂಡ್ ಪಿಯುಸಿಯ ಸೊಲ್ಯೂಷನ್ಸ್ ಪಾಠದಲ್ಲಿ ವೇಪರ್ ಪ್ರೆಷರ್ ಬರುತ್ತೆ. ಕಾಣೆಯಾಗಿರೋದು ಇವುಗಳ ನಡುವಿನ ಸೇತುವೆ: ಅನಿಲ ಯಾವಾಗ ದ್ರವವಾಗುತ್ತೆ, ಯಾಕೆ ಆಗುತ್ತೆ, ಯಾವಾಗ ಎಷ್ಟು ಒತ್ತಿದರೂ ಆಗಲ್ಲ. ಒಂದೇ ಮಾತಲ್ಲಿ ಹೇಳ್ತೀನಿ. ಆದರ್ಶ ಅನಿಲವನ್ನ ಉಳಿಸಿಕೊಂಡು ನಿಜವಾದ ಅನಿಲವನ್ನ ಬಿಟ್ಟಿದೀವಿ. ಎಂಜಿನಿಯರ್ ಆಗೋರಿಗೆ ಇದು ಉಲ್ಟಾ ವ್ಯಾಪಾರ.

ಅಡುಗೆಮನೆಯಲ್ಲಿ ಸೋಲುವ ಸೂತ್ರ

ಒಂದು ಲೆಕ್ಕ ಮಾಡೋಣ. ಮನೆಗೆ ಬರೋ ಸಿಲಿಂಡರಿನಲ್ಲಿ 14.2 ಕೆಜಿ ಎಲ್‌ಪಿಜಿ ಇರುತ್ತೆ. ಸಿಲಿಂಡರಿನ ಒಳಗಿನ ಜಾಗ ಸುಮಾರು 33 ಲೀಟರ್. ಎಲ್‌ಪಿಜಿ ಅಂದ್ರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಅವುಗಳ ಅಣುತೂಕ 44 ಮತ್ತು 58, ಸರಾಸರಿ 50 ಅಂತ ಇಟ್ಕೊಳ್ಳಿ. ಅಂದ್ರೆ ಸುಮಾರು 284 ಮೋಲ್. ತಾಪಮಾನ 300 ಕೆಲ್ವಿನ್. ಈಗ ಪಿವಿ ಈಕ್ವಲ್ಸ್ ಎನ್‌ಆರ್‌ಟಿಗೆ ಹಾಕಿ. ಒತ್ತಡ ಸುಮಾರು 210 ಅಟ್ಮಾಸ್ಫಿಯರ್ ಬರುತ್ತೆ.

ನಿಜವಾಗಿ ಆ ಸಿಲಿಂಡರಿನ ಒಳಗೆ ಇರೋ ಒತ್ತಡ 10 ಅಟ್ಮಾಸ್ಫಿಯರಿಗಿಂತ ಕಡಿಮೆ.

ಶೇಕಡಾ ಎರಡೋ ಮೂರೋ ವ್ಯತ್ಯಾಸ ಅಲ್ಲ ಇದು, ಇಪ್ಪತ್ತು ಪಟ್ಟಿಗೂ ಹೆಚ್ಚು. ಯಾಕೆ ಅಂದ್ರೆ ಒಳಗಿರೋದರಲ್ಲಿ ಹೆಚ್ಚಿನ ಭಾಗ ಗ್ಯಾಸೇ ಅಲ್ಲ, ದ್ರವ. ಐಡಿಯಲ್ ಗ್ಯಾಸ್ ಸೂತ್ರಕ್ಕೆ ದ್ರವ ಅನ್ನೋದು ಗೊತ್ತೇ ಇಲ್ಲ. ಅಣುಗಳಿಗೆ ಗಾತ್ರ ಇಲ್ಲ, ಅವುಗಳ ನಡುವೆ ಸೆಳೆತ ಇಲ್ಲ ಅನ್ನೋ ಊಹೆಯ ಮೇಲೇ ಅದು ನಿಂತಿರೋದು. ಸೆಳೆತ ಇಲ್ಲದ ಅಣುಗಳು ಯಾವತ್ತೂ ಒಟ್ಟುಗೂಡಿ ದ್ರವ ಆಗಲ್ಲ. ಅಂದ್ರೆ ನಮಗೆ ಅನಿಲದ ಬಗ್ಗೆ ಉಳಿದಿರೋ ಒಂದೇ ಸೂತ್ರದ ಪ್ರಕಾರ ಗ್ಯಾಸ್ ಸಿಲಿಂಡರ್ ಅನ್ನೋ ವಸ್ತುವೇ ಅಸಾಧ್ಯ.

ಹಾಗಂತ ಸೂತ್ರ ದಂಡ ಅಲ್ಲ. ಆಸ್ಪತ್ರೆಯ ದೊಡ್ಡ ಆಕ್ಸಿಜನ್ ಸಿಲಿಂಡರಿನ ಒಳಗಾತ್ರ ಸುಮಾರು 47 ಲೀಟರ್, ತುಂಬೋ ಒತ್ತಡ ಸುಮಾರು 150 ಬಾರ್. ಗುಣಿಸಿದರೆ 7,000 ಲೀಟರ್ ಚಿಲ್ಲರೆ. ಆ ಸಿಲಿಂಡರನ್ನ 7 ಕ್ಯೂಬಿಕ್ ಮೀಟರಿಂದು ಅಂತಲೇ ಕರೆಯೋದು. ಲೆಕ್ಕ ಸರಿಹೋಯ್ತು. ಒಂದು ಸಿಲಿಂಡರಿನಲ್ಲಿ ಸರಿಯಾಗೋ ಸೂತ್ರ ಇನ್ನೊಂದರಲ್ಲಿ ಯಾಕೆ ನೆಲ ಕಚ್ಚುತ್ತೆ? ಈ ಪ್ರಶ್ನೆಗೆ ಉತ್ತರ ಇದ್ದದ್ದೇ ಆ ಪಾಠದಲ್ಲಿ.

ಗೆರೆ ಎಲ್ಲಿದೆ

ಅನಿಲವನ್ನ ಒತ್ತುತ್ತಾ ಹೋದರೆ ದ್ರವ ಆಗಬೇಕು ಅನ್ನೋದು ಸಹಜ ಊಹೆ. 1823ರಲ್ಲಿ ಫ್ಯಾರಡೆ ಕ್ಲೋರಿನ್ನನ್ನ ದ್ರವ ಮಾಡಿ ತೋರಿಸಿದ. ಆದರೆ ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್ ಏನು ಮಾಡಿದರೂ ಬಗ್ಗಲಿಲ್ಲ. 'ಪರ್ಮನೆಂಟ್ ಗ್ಯಾಸ್' ಅಂತ ಹೆಸರಿಟ್ಟು ಬಿಟ್ಟುಬಿಟ್ಟರು. ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಕಾರ್ಬನ್ ಡೈಆಕ್ಸೈಡ್ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 1869ರಲ್ಲಿ ವಿಷಯ ಬಿಡಿಸಿ ಹೇಳಿದ. ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಾರ್ಬನ್ ಡೈಆಕ್ಸೈಡನ್ನ ಒತ್ತಿದರೆ ದ್ರವ ಆಗುತ್ತೆ. ಅದರ ಮೇಲೆ ಎಷ್ಟೇ ಒತ್ತಿ, ದಟ್ಟ ಆಗುತ್ತೆ, ಆದರೆ 'ಇಲ್ಲಿಂದ ಇಲ್ಲಿಗೆ ದ್ರವ, ಮೇಲೆ ಅನಿಲ' ಅನ್ನೋ ಗೆರೆ ಕಾಣಿಸಿಕೊಳ್ಳಲ್ಲ. ಇದೇ ಕ್ರಿಟಿಕಲ್ ಟೆಂಪರೇಚರ್. ಪ್ರತಿ ವಸ್ತುವಿಗೂ ಅದರದ್ದೇ ಒಂದಿದೆ.

ನಾಲ್ಕು ವರ್ಷದ ನಂತರ, 1873ರಲ್ಲಿ, ಹಾಲೆಂಡಿನಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದ ವಾನ್ ಡರ್ ವಾಲ್ಸ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಕಾರಣ ಕೊಟ್ಟ. ಐಡಿಯಲ್ ಸೂತ್ರಕ್ಕೆ ಎರಡೇ ತಿದ್ದುಪಡಿ: ಅಣುಗಳಿಗೆ ಗಾತ್ರ ಇದೆ, ಅವುಗಳ ನಡುವೆ ಸೆಳೆತ ಇದೆ. ಅಷ್ಟರಿಂದಲೇ ಅನಿಲ ಮತ್ತು ದ್ರವ ಎರಡೂ ಒಂದೇ ಸಮೀಕರಣದೊಳಗೆ ಬಂದವು. ಆ ಪ್ರಬಂಧದ ಹೆಸರಲ್ಲೇ ಅನಿಲ ಮತ್ತು ದ್ರವ ಸ್ಥಿತಿಗಳ ನಿರಂತರತೆ ಅನ್ನೋ ಮಾತಿದೆ. 1910ರಲ್ಲಿ ಅವನಿಗೆ ಫಿಸಿಕ್ಸ್ ನೊಬೆಲ್ ಬಂತು. ಈಗ ಏನಾಗಿದೆ ನೋಡಿ. ಕೆಮಿಸ್ಟ್ರಿಯವರು ಪಾಠ ಕೈಬಿಟ್ಟರು, ಫಿಸಿಕ್ಸಿನವರು ಐಡಿಯಲ್ ಗ್ಯಾಸಿಗೆ ನಿಲ್ಲಿಸಿದರು. ನಿರಂತರತೆ ಮಧ್ಯದಲ್ಲಿ ತುಂಡಾಯ್ತು.

ಕನ್ನಡ ಬಳಗದ ಪತ್ರಿಕೆ ಆದ್ದರಿಂದ ಒಂದು ಮಾತು. ನಮ್ಮಲ್ಲಿ 'ಆವಿ' ಮತ್ತು 'ಅನಿಲ' ಎರಡು ಪದ ಇವೆ. ಇಡ್ಲಿ ಪಾತ್ರೆಯಿಂದ ಬರೋದು ಆವಿ. ಅದು ಮುಚ್ಚಳಕ್ಕೆ ತಾಗಿ ಮತ್ತೆ ಹನಿಯಾಗಿ ಬೀಳುತ್ತೆ. ಸೈನ್ಸ್ ಹೇಳೋ ವ್ಯತ್ಯಾಸವೂ ಹೆಚ್ಚು ಕಡಿಮೆ ಇದೇ: ಕ್ರಿಟಿಕಲ್ ಟೆಂಪರೇಚರಿಗಿಂತ ಕೆಳಗಿದ್ದು, ಬರೀ ಒತ್ತಿದರೆ ದ್ರವ ಆಗೋದು ಆವಿ. ಅದಕ್ಕಿಂತ ಮೇಲಿದ್ದು, ಒತ್ತಿದರೂ ಬಗ್ಗದೆ ಇರೋದು ಅನಿಲ. ಈ ಲೆಕ್ಕದಲ್ಲಿ ನಾವು 'ಗ್ಯಾಸ್ ಖಾಲಿ ಆಯ್ತು' ಅಂತೀವಲ್ಲ, ಅದು ಗ್ಯಾಸೇ ಅಲ್ಲ, ಆವಿ.

ಎರಡು ಆಟೋ, ಎರಡು ಎಕ್ಸ್‌ಟಿಂಗ್ವಿಷರ್

ಇದನ್ನ ನೋಡೋಕೆ ಲ್ಯಾಬ್ ಬೇಕಾಗಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಎಲ್‌ಪಿಜಿ ಆಟೋನೂ ಓಡುತ್ತೆ, ಸಿಎನ್‌ಜಿ ಆಟೋನೂ ಓಡುತ್ತೆ. ಪ್ರೊಪೇನಿನ ಕ್ರಿಟಿಕಲ್ ಟೆಂಪರೇಚರ್ ಸುಮಾರು 97 ಡಿಗ್ರಿ, ಬ್ಯೂಟೇನಿಂದು 152. ನಮ್ಮ ಊರಿನ ಯಾವ ಬಿಸಿಲೂ ಅಲ್ಲಿಗೆ ಮುಟ್ಟಲ್ಲ. ಅದಕ್ಕೇ ಸ್ವಲ್ಪ ಒತ್ತಿದರೆ ಸಾಕು, ದ್ರವ ಆಗಿ ಕೂರುತ್ತೆ. ಸಿಎನ್‌ಜಿ ಅಂದ್ರೆ ಮೀಥೇನ್. ಅದರ ಕ್ರಿಟಿಕಲ್ ಟೆಂಪರೇಚರ್ ಮೈನಸ್ 83 ಡಿಗ್ರಿ. ಇಲ್ಲಿನ ಯಾವ ಚಳಿಯಲ್ಲೂ ಅದನ್ನ ಬರೀ ಒತ್ತಿ ದ್ರವ ಮಾಡೋಕಾಗಲ್ಲ. ಅದಕ್ಕೇ 200 ಬಾರ್ ಒತ್ತಡಕ್ಕೆ ತುಂಬಬೇಕು, ಅದನ್ನ ತಡೆಯೋಕೆ ದಪ್ಪ ಗೋಡೆಯ ಸಿಲಿಂಡರ್ ಬೇಕು. ಮೇಲಿನ ಲೆಕ್ಕದಲ್ಲಿ ಎಲ್‌ಪಿಜಿಗೆ ಸುಳ್ಳಾಗಿ ಬಂದ 200ರ ಆಸುಪಾಸಿನ ಒತ್ತಡ ಸಿಎನ್‌ಜಿಗೆ ನಿಜವಾಗಿಯೇ ಬೇಕು. ಸಿಲಿಂಡರಿನ ಗೋಡೆಯ ದಪ್ಪ, ಗಾಡಿಯ ತೂಕ, ಬಂಕಿನ ಕಂಪ್ರೆಸರ್, ಎಲ್ಲಾ ನಿರ್ಧಾರ ಆಗೋದು ಆ ಒಂದು ಸಂಖ್ಯೆಯಿಂದ.

ಕಾಲೇಜ್ ಕಾರಿಡಾರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಫೈರ್ ಎಕ್ಸ್‌ಟಿಂಗ್ವಿಷರ್ ನೇತಾಡ್ತಿರುತ್ತವೆ. ಪೌಡರ್ ತುಂಬಿದ್ದಕ್ಕೆ ಹಸಿರು-ಕೆಂಪು ಬಣ್ಣದ ಪುಟ್ಟ ಗೇಜ್ ಇರುತ್ತೆ. ಕಪ್ಪು ಕೊಂಬಿನಂಥ ಬಾಯಿ ಇರೋ ಕಾರ್ಬನ್ ಡೈಆಕ್ಸೈಡಿನದ್ದಕ್ಕೆ ಗೇಜ್ ಇರಲ್ಲ. ಮರೆತು ಬಿಟ್ಟಿದ್ದಲ್ಲ. ಪೌಡರ್ ಡಬ್ಬಿಯನ್ನ ಒತ್ತಿ ಹಿಡಿದಿರೋದು ಸಾಮಾನ್ಯವಾಗಿ ನೈಟ್ರೋಜನ್, ಅದರ ಕ್ರಿಟಿಕಲ್ ಟೆಂಪರೇಚರ್ ಮೈನಸ್ 147. ಅದು ಇಲ್ಲಿ ಯಾವಾಗಲೂ ಅನಿಲವೇ. ಸೋರಿದರೆ ಒತ್ತಡ ಇಳಿಯುತ್ತೆ, ಮುಳ್ಳು ಹೇಳುತ್ತೆ. ಕಾರ್ಬನ್ ಡೈಆಕ್ಸೈಡ್ ಒಳಗೆ ದ್ರವ ಮತ್ತು ಆವಿ ಎರಡೂ ಆಗಿರುತ್ತೆ. ಒಂದು ಹನಿ ದ್ರವ ಉಳಿದಿರೋವರೆಗೂ ಒತ್ತಡ ಹೇಳೋದು ತಾಪಮಾನವನ್ನ, ಪ್ರಮಾಣವನ್ನಲ್ಲ. ಅರ್ಧ ಸೋರಿಹೋಗಿದ್ದರೂ ಮುಳ್ಳು ಅಲ್ಲಾಡಲ್ಲ. ಅದಕ್ಕೇ ಅದನ್ನ ತೂಕ ಹಾಕಿಯೇ ನೋಡಬೇಕು. ಇನ್ನು 31 ಡಿಗ್ರಿ ಅಂದ್ರೆ ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆ 40 ದಾಟುತ್ತೆ. ಅಲ್ಲಿ ಆ ಡಬ್ಬಿಯೊಳಗೆ ದ್ರವ-ಅನಿಲದ ಗೆರೆಯೇ ಅಳಿಸಿಹೋಗಿ, ಬಿಸಿ ಏರಿದ ಹಾಗೆ ಒತ್ತಡ ಜೋರಾಗಿ ಏರುತ್ತೆ. ಅದನ್ನ ಬಿಸಿಲಿಗೆ ಇಡಬಾರದು ಅನ್ನೋದು ಇದಕ್ಕೇ. ಆಂಡ್ರ್ಯೂಸ್ 1869ರಲ್ಲಿ ಹೇಳಿದ್ದು ಕಾರಿಡಾರಿನ ಗೋಡೆ ಮೇಲೆ ನೇತಾಡ್ತಿದೆ.

2021ರ ಬೇಸಿಗೆ

ಕೋವಿಡ್ ಎರಡನೇ ಅಲೆಯಲ್ಲಿ ನಾವು ಒಂಬತ್ತನೇ ಕ್ಲಾಸ್ ಮುಗಿಸ್ತಿದ್ವಿ. ಟಿವಿ ಹಾಕಿದರೆ ಆಕ್ಸಿಜನ್ ಸುದ್ದಿ. ದೇಶದಲ್ಲಿ ಆಕ್ಸಿಜನ್ ತಯಾರಾಗ್ತಾ ಇತ್ತು. ನಮ್ಮದೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ದ್ರವ ಆಕ್ಸಿಜನ್ ಹೋಗ್ತಾ ಇತ್ತು. ಆದರೂ ಆಸ್ಪತ್ರೆಗಳಲ್ಲಿ ಕೊರತೆ. ಕಾರಣಗಳು ಹಲವು. ಅವುಗಳಲ್ಲಿ ಒಂದು ಟ್ಯಾಂಕರ್.

ಆಕ್ಸಿಜನ್ನಿನ ಕ್ರಿಟಿಕಲ್ ಟೆಂಪರೇಚರ್ ಸುಮಾರು ಮೈನಸ್ 119 ಡಿಗ್ರಿ. ಅದಕ್ಕಿಂತ ಕೆಳಗೆ ತಣ್ಣಗಾಗಿಸದೆ ದ್ರವ ಮಾಡೋಕಾಗಲ್ಲ. ಮಾಮೂಲಿ ಒತ್ತಡದಲ್ಲಾದರೆ ಮೈನಸ್ 183ರಲ್ಲಿ ಇಡಬೇಕು. ಅಂದ್ರೆ ಎಲ್‌ಪಿಜಿ ಟ್ಯಾಂಕರನ್ನ ತೊಳೆದು ಆಕ್ಸಿಜನ್ ತುಂಬಿಸಿ ಕಳಿಸೋ ವಿಷಯ ಅಲ್ಲ. ಎರಡು ಗೋಡೆ, ನಡುವೆ ನಿರ್ವಾತ ಇರೋ ಕ್ರಯೋಜೆನಿಕ್ ಟ್ಯಾಂಕರೇ ಬೇಕು. ಸಿಲಿಂಡರಿನಲ್ಲೇ ಸಾಗಿಸಬಹುದಲ್ಲ? ಒಂದು ಲೀಟರ್ ದ್ರವ ಆಕ್ಸಿಜನ್ ಸುಮಾರು 860 ಲೀಟರ್ ಅನಿಲ ಆಗುತ್ತೆ. 150 ಬಾರ್ ಒತ್ತಡದ ಸಿಲಿಂಡರಿನಲ್ಲಿ ಒಂದು ಲೀಟರ್ ಜಾಗಕ್ಕೆ ಸಿಗೋದು 150 ಲೀಟರ್, ಅದರ ಮೇಲೆ ಉಕ್ಕಿನ ತೂಕ ಬೇರೆ. ಅದಕ್ಕೇ ವಾಯುಪಡೆಯ ವಿಮಾನಗಳು ಹೊರದೇಶಗಳಿಂದ ಖಾಲಿ ಟ್ಯಾಂಕರುಗಳನ್ನ ಹೊತ್ತು ತಂದಿದ್ದು. ಖಾಲಿ ಟ್ಯಾಂಕರಿಗೆ ವಿಮಾನ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಈ ಪಾಠದ ಮೂರನೇ ಒಂದು ಭಾಗ. ಅದಾದ ಎರಡೇ ವರ್ಷಕ್ಕೆ ಆ ಪಾಠವನ್ನ ಹೊರೆ ಅಂತ ಇಳಿಸಿದರು. ನನಗೆ ಇದು ಅರಗಲ್ಲ.

ಪಿಜಿ ಅಡುಗೆಮನೆ

ಮೇಲಿನದ್ದೆಲ್ಲ ದೊಡ್ಡ ವಿಷಯ ಅನ್ನಿಸಿದರೆ ನಮ್ಮ ರೂಮಿಗೇ ಬನ್ನಿ. ತಿಂಗಳ ಕೊನೆಗೆ ಸಿಲಿಂಡರ್ ಉರಿ ಸಣ್ಣ ಆದಾಗ ನಡೆಯೋ ಪ್ರಯೋಗಗಳು ಎಲ್ಲರಿಗೂ ಗೊತ್ತು: ಅಲ್ಲಾಡಿಸೋದು, ಬಿಸಿನೀರಿನ ಟಬ್ಬಲ್ಲಿ ಇಡೋದು, ಮಲಗಿಸೋದು, ಕೆಲವರು ತಲೆಕೆಳಗೆ ನಿಲ್ಲಿಸೋದು. ಇವುಗಳಿಗೆ ಫಲ ಇಲ್ಲ ಅಂತಲ್ಲ. ದ್ರವ ಆವಿಯಾಗುವಾಗ ತನ್ನದೇ ಬಿಸಿಯನ್ನ ಖರ್ಚು ಮಾಡಿ ತಣ್ಣಗಾಗುತ್ತೆ, ವೇಪರ್ ಪ್ರೆಷರ್ ಇಳಿಯುತ್ತೆ. ಬಿಸಿನೀರು ಅದನ್ನ ಏರಿಸುತ್ತೆ. ಎಷ್ಟು ಏರಿಸುತ್ತೆ ಅನ್ನೋದು ಮಾತ್ರ ನಮ್ಮ ಹತೋಟಿಯಲ್ಲಿಲ್ಲ. ಮಲಗಿಸೋದು ಇನ್ನೂ ಕೆಟ್ಟದ್ದು. ನೆಟ್ಟಗೆ ನಿಂತಾಗ ವಾಲ್ವಿನ ಹತ್ತಿರ ಇರೋದು ಆವಿ. ಮಲಗಿಸಿದರೆ ಅಲ್ಲಿಗೆ ದ್ರವ ಬರುತ್ತೆ. ಹೊರಗೆ ಬಂದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಆವಿ ಆಗುತ್ತೆ. ರೆಗ್ಯುಲೇಟರ್, ಸ್ಟವ್ ಎರಡೂ ದ್ರವಕ್ಕೆ ಅಂತ ಮಾಡಿದ್ದಲ್ಲ.

ಸೋರಿಕೆಯ ಲೆಕ್ಕವನ್ನೂ ನೋಡಿ. ಹತ್ತಡಿ ಉದ್ದ, ಅಗಲ, ಎತ್ತರದ ರೂಮು ಸುಮಾರು 28,000 ಲೀಟರ್. ಗಾಳಿಯಲ್ಲಿ ಶೇಕಡಾ ಎರಡರಷ್ಟು ಎಲ್‌ಪಿಜಿ ಸೇರಿದರೆ ಹತ್ತಿಕೊಳ್ಳೋ ಮಿಶ್ರಣ ಆಗುತ್ತೆ. ಅಂದ್ರೆ 560 ಲೀಟರ್ ಆವಿ, ತೂಕದಲ್ಲಿ ಒಂದು ಕೆಜಿ ಚಿಲ್ಲರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಡುತ್ತೆ. ಹಾಗಾಗಿ ನೆಲದ ಹತ್ತಿರ ಅಷ್ಟೂ ಬೇಕಾಗಲ್ಲ. ಮೇಲಿನ ವೆಂಟಿಲೇಟರ್ ತೆರೆದಿದೆ ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ. ಪೈಪಿನಲ್ಲಿ ಬರೋ ಗ್ಯಾಸ್ ಮೀಥೇನ್, ಗಾಳಿಗಿಂತ ಹಗುರ, ಮೇಲೆ ಹೋಗುತ್ತೆ. ಈಗ ಒಂದೇ ಬೀದಿಯಲ್ಲಿ ಒಂದು ಮನೆಗೆ ಪೈಪು, ಪಕ್ಕದ ಪಿಜಿಗೆ ಸಿಲಿಂಡರ್. ಎರಡಕ್ಕೂ 'ಗ್ಯಾಸ್' ಅನ್ನೋ ಒಂದೇ ಹೆಸರು.

ತಕರಾರುಗಳು

ಪಾಠ ತೆಗೆದದ್ದನ್ನ ಸಮರ್ಥಿಸೋರ ಮಾತಲ್ಲೂ ಹುರುಳಿದೆ. ಒಂದು, ಹೊರೆ. ಪಿಯುಸಿ ಜೊತೆಗೆ ಸಿಇಟಿ, ಜೆಇಇ ಕೋಚಿಂಗ್ ಅಂತ ಮಕ್ಕಳು ಬಸವಳಿದಿರೋದು ಸುಳ್ಳಲ್ಲ. ಎರಡು, ಪಾಠ ಇದ್ದಾಗಲೂ ಅದನ್ನ ಕಲಿಸ್ತಿದ್ದ ರೀತಿ. ಎಸ್‌ಟಿಪಿಯಲ್ಲಿ 22.4 ಲೀಟರ್, ವಾನ್ ಡರ್ ವಾಲ್ಸ್ ಸ್ಥಿರಾಂಕದ ಯೂನಿಟ್ ಏನು, ನಾಲ್ಕರಲ್ಲಿ ಒಂದು ಆರಿಸಿ. ಸಿಲಿಂಡರ್ ಮಾತೇ ಬರ್ತಿರಲಿಲ್ಲ. ಮೂರು, ಮೆಕ್ಯಾನಿಕಲ್, ಕೆಮಿಕಲ್‌ನವರಿಗೆ ಮುಂದೆ ಥರ್ಮೋಡೈನಮಿಕ್ಸಲ್ಲಿ ಹೇಗಿದ್ರೂ ಬರುತ್ತೆ.

ಮೊದಲನೆಯದಕ್ಕೆ ನನ್ನ ಉತ್ತರ: ಹೊರೆ ಇದ್ದದ್ದು ಲೆಕ್ಕಗಳಲ್ಲಿ, ವಿಚಾರದಲ್ಲಲ್ಲ. ಲೆಕ್ಕ ಮುಕ್ಕಾಲು ಪಾಲು ತೆಗೆದು ವಿಚಾರ ಉಳಿಸಬಹುದಿತ್ತು. ಎರಡನೆಯದು ಕಲಿಸೋ ರೀತಿ ಬದಲಾಯಿಸೋಕೆ ಕಾರಣ, ಪಾಠ ತೆಗೆಯೋಕಲ್ಲ. ಮೂರನೆಯದಕ್ಕೆ: ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಸೀಟು ಕಂಪ್ಯೂಟರ್ ಸಂಬಂಧಪಟ್ಟ ಬ್ರಾಂಚುಗಳದ್ದು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಅವರು ಓದೋದು ಸೆನ್ಸರ್, ಬ್ಯಾಟರಿ, ಕರೋಷನ್, ಪಾಲಿಮರ್, ಇ-ವೇಸ್ಟ್. ಅವರೂ ಸಿಲಿಂಡರ್ ಇರೋ ಮನೆಯಲ್ಲೇ ಇರ್ತಾರೆ. ಇನ್ನೊಂದು ವಿಷಯ. ಒಂದು ಸೂತ್ರ ಎಲ್ಲಿ ಸೋಲುತ್ತೆ ಅಂತ ಮೊದಲ ಸಲ ನೋಡೋ ಪಾಠ ಇದು. ಮಾಡೆಲ್ ಅಂದ್ರೆ ಏನು, ಅದರ ಮಿತಿ ಎಲ್ಲಿ ಅನ್ನೋದು ಕೋಡ್ ಬರೆಯೋರಿಗೂ ಬೇಕು.

ನಾವೇನು ಮಾಡಬಹುದು

ಎನ್‌ಸಿಇಆರ್‌ಟಿ ಪುಸ್ತಕ ತಿದ್ದೋದು ನಮ್ಮ ಕೈಲಿಲ್ಲ. ಆದರೆ ಕಾಲೇಜಿನೊಳಗೆ ಆಗೋ ಎರಡು ಕೆಲಸ ಇದೆ.

ಮೊದಲನೆಯದು: ಫಸ್ಟ್ ಇಯರ್ ಇಂಡಕ್ಷನ್‌ನಲ್ಲಿ ಕೆಮಿಸ್ಟ್ರಿ ವಿಭಾಗಕ್ಕೆ ಮೂರು ಗಂಟೆ ಕೊಡಿ ಅಂತ ಕೇಳೋಣ. ಪರೀಕ್ಷೆ ಬೇಡ, ಮಾರ್ಕ್ಸ್ ಬೇಡ. ಮೊದಲ ಗಂಟೆ ಸಿಲಿಂಡರಿನ ಆ 210ರ ಲೆಕ್ಕ, ಎರಡನೇ ಗಂಟೆ ಕ್ರಿಟಿಕಲ್ ಟೆಂಪರೇಚರ್, ಮೂರನೇ ಗಂಟೆ ಕಾರಿಡಾರಿಗೆ ಹೋಗಿ ಎರಡು ಎಕ್ಸ್‌ಟಿಂಗ್ವಿಷರ್ ಓದೋದು, ಒಂದನ್ನ ತೂಗಿ ನೋಡೋದು.

ಎರಡನೆಯದು ನಮ್ಮ ಬಳಗದ್ದೇ ಕೆಲಸ. ಕ್ಯಾಂಪಸ್ಸಿನಲ್ಲಿ 19 ಕೆಜಿಯ ಕಮರ್ಷಿಯಲ್ ಸಿಲಿಂಡರುಗಳನ್ನ ದಿನಾ ಉರುಳಿಸೋದು ಮೆಸ್ಸಿನ ಅಣ್ಣಂದಿರು. ಬೆಂಕಿ ಬಿದ್ದರೆ ಎಕ್ಸ್‌ಟಿಂಗ್ವಿಷರ್ ಹಿಡಿದು ಮೊದಲು ಓಡೋದು ಸೆಕ್ಯುರಿಟಿಯವರು. ಅದರ ಮೇಲಿನ ಸೂಚನೆಗಳೆಲ್ಲ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ಐದೇ ಸಾಲು ಕನ್ನಡದಲ್ಲಿ ಬರೆದು ಅಂಟಿಸೋಣ: ಇದಕ್ಕೆ ಗೇಜ್ ಇಲ್ಲ, ತೂಕ ನೋಡಿ. ಬಿಸಿಲಿಗೆ ಇಡಬೇಡಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ಇರಲಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ವಾಲ್ವ್ ಮುಚ್ಚಿ, ಬಾಗಿಲು ತೆಗೆಯಿರಿ. ಸಿಲಿಂಡರಿನ ಗ್ಯಾಸ್ ಕೆಳಗೆ ಇಳಿಯುತ್ತೆ.

ಬರೆಯೋಕೆ ಒಂದು ಸಂಜೆ ಸಾಕು, ಪ್ರಿಂಟಿಗೆ ಖರ್ಚೂ ದೊಡ್ಡದಲ್ಲ. ಆ ಐದು ಸಾಲಿನ ಹಿಂದಿನ 'ಯಾಕೆ'ಯನ್ನ ಅವರಿಗೆ ಕನ್ನಡದಲ್ಲಿ ನಿಂತು ಹೇಳೋಕೆ ನಮಗೆ ಬರಬೇಕು, ಅಷ್ಟೇ. ಹಾಗೆ ಹೇಳೋಕೆ ಬಂದ ದಿನ ಆ ಪಾಠ ನಮ್ಮ ಸಿಲಬಸ್ಸಿಗೆ ವಾಪಸ್ ಬಂದ ಹಾಗೆ, ಪುಸ್ತಕದಲ್ಲಿ ಇರಲಿ ಬಿಡಲಿ. ಬರೋ ಶನಿವಾರ ಬಳಗದ ಮೀಟಿಂಗಿಗೆ ಬರೋರು ಒಂದು ಪೆನ್ನು ತನ್ನಿ.